ಹೆಡ್‌ಫೋನ್ ಒಂದೇ, ಕೇಳುವ ಕಿವಿ ಬೇರೆ

2009ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ‘ಎಚ್‌ಡಿ 800’ ಹೆಡ್‌ಫೋನನ್ನು ಮಾರುಕಟ್ಟೆಗೆ ಬಿಟ್ಟಿತು. ಒಳಗೆ 56 ಮಿಲಿಮೀಟರ್ ಅಗಲದ, ಉಂಗುರದಂಥ ಡಯಾಫ್ರಮ್ ಇರುವ ಡ್ರೈವರ್. ಅದನ್ನು ಕಿವಿಗೆ ಆನಿಸದೆ ತುಸು ದೂರದಲ್ಲಿ, ಮುಂಭಾಗದಿಂದ ಓರೆಯಾಗಿ ಕೂರಿಸಿದ್ದರು. ಕೇಳಿದ ಕೆಲವರಿಗೆ ತಲೆಯ ಸುತ್ತ ಸಭಾಂಗಣವೇ ತೆರೆದಂತಾಯಿತು. ವಾದ್ಯವೃಂದದಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ಬೆರಳು ಮಾಡಿ ತೋರಿಸಬಹುದು ಎಂದರು. ಇನ್ನು ಕೆಲವರಿಗೆ ಅದೇ ಹೆಡ್‌ಫೋನಿನಲ್ಲಿ ಪಿಟೀಲು ಕಿವಿ ಚುಚ್ಚಿತು, ಹಾಡುಗಾರರ ‘ಸ’ಕಾರ ಸೀಳಿದಂತೆ ಕೇಳಿಸಿತು. ಅಳತೆ ಮಾಡಿ ನೋಡಿದಾಗ 6 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಒಂದು ಏರು ಇರುವುದು ಗೊತ್ತಾಯಿತು. ಸಹಿಸಲಾಗದವರು ಡ್ರೈವರಿನ ಬಳಿ ಫೆಲ್ಟ್ ಅಥವಾ ಸ್ಪಂಜಿನ ತುಂಡು ಅಂಟಿಸಿ ಅದನ್ನು ತಗ್ಗಿಸಿಕೊಂಡರು. ಕಂಪನಿಯೂ 2016ರಲ್ಲಿ ಆ ಏರನ್ನು ಹೀರಿಕೊಳ್ಳುವ ವ್ಯವಸ್ಥೆಯನ್ನು ಒಳಗೇ ಇಟ್ಟು ‘ಎಚ್‌ಡಿ 800 ಎಸ್’ ತಂದಿತು. ಹಳೆಯದೇ ಚೆನ್ನಾಗಿತ್ತು ಎನ್ನುವವರು ಇಂದಿಗೂ ಇದ್ದಾರೆ.

ಹೊಗಳಿದವರೂ ದೂರಿದವರೂ ತಮಗೆ ಕೇಳಿಸಿದ್ದನ್ನೇ ಹೇಳುತ್ತಿದ್ದರು. ದುಬಾರಿ ಹೆಡ್‌ಫೋನ್‌ಗಳ ಹೋಲಿಕೆಯಲ್ಲಿ ಇಷ್ಟೊಂದು ಜಗಳ ಏಕೆ, ಅದರಲ್ಲಿ ನಿಜವೆಷ್ಟು, ಊಹೆ ಎಷ್ಟು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉತ್ತಮ ಹೆಡ್‌ಫೋನ್‌ಗಳ ನಡುವೆ ವ್ಯತ್ಯಾಸ ಇದ್ದೇ ಇದೆ, ಅದು ಭ್ರಮೆಯಲ್ಲ. ಆದರೆ ಅದರ ಬಹುಪಾಲು, ಯಾವ ಕಂಪನಾಂಕದ ಧ್ವನಿ ಎಷ್ಟು ಜೋರಾಗಿ ನಮ್ಮ ಕಿವಿತಮಟೆಯನ್ನು ತಲುಪುತ್ತದೆ ಎಂಬುದರಲ್ಲಿದೆ. ಅದನ್ನು ಹೆಡ್‌ಫೋನ್ ಒಂದೇ ತೀರ್ಮಾನಿಸುವುದಿಲ್ಲ. ಕೇಳುವವರ ಕಿವಿಯೂ ಸೇರಿ ತೀರ್ಮಾನಿಸುತ್ತದೆ.

ಧ್ವನಿ ಹುಟ್ಟಿಸುವ ಬಗೆ ಮುಖ್ಯವಾಗಿ ಮೂರು. ಹಳೆಯದು ಡೈನಮಿಕ್: ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಡಯಾಫ್ರಮ್. ಜರ್ಮನಿಯ ಬೇಯರ್ ಕಂಪನಿಯ ‘ಡಿಟಿ 48’ 1937ರಲ್ಲೇ ಈ ಬಗೆಯಲ್ಲಿ ಬಂದಿತ್ತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಸಂಗೀತಪ್ರಿಯರ ಮನೆಗೆ ತಂದರು. 1968ರ ಸೆನ್‌ಹೈಸರ್ ಎಚ್‌ಡಿ 414 ಹಿಂಬದಿ ಮುಚ್ಚದ, ಅಂದರೆ ಓಪನ್ ಬ್ಯಾಕ್ ವಿನ್ಯಾಸಕ್ಕೆ ದಾರಿ ಮಾಡಿತು. ಹಳದಿ ಸ್ಪಂಜಿನ ಆ ಹಗುರ ಹೆಡ್‌ಫೋನಿನ ವಂಶದಲ್ಲೇ 1997ರ ಎಚ್‌ಡಿ 600 ಹುಟ್ಟಿದ್ದು. ಇಷ್ಟು ವರ್ಷ ಕಳೆದರೂ ಹೊಸದನ್ನು ಪರೀಕ್ಷಿಸುವವರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೇಳುತ್ತಾರೆ. ಮನುಷ್ಯಕಂಠವನ್ನು ಇಷ್ಟು ಸಹಜವಾಗಿ ನುಡಿಸುವ ಹೆಡ್‌ಫೋನುಗಳು, ಬೆಲೆ ಎಷ್ಟೇ ಇರಲಿ, ಕಡಿಮೆ. ಅದರ ಕೊರತೆಯೂ ಎಲ್ಲರಿಗೂ ಗೊತ್ತು: ತೀರ ಕೆಳಗಿನ ಬಾಸ್ ಬೇಗ ಬಳಲುತ್ತದೆ, ಧ್ವನಿಯ ಹರವು ತಲೆಗೆ ಹತ್ತಿರದಲ್ಲೇ ಉಳಿಯುತ್ತದೆ.

ಎರಡನೆಯದು ಪ್ಲೇನಾರ್ ಮ್ಯಾಗ್ನೆಟಿಕ್. ತೆಳು ಹಾಳೆಯ ಮೇಲೆಯೇ ವಾಹಕದ ಗೆರೆಗಳನ್ನು ಹರಡಿ, ಅಯಸ್ಕಾಂತಗಳ ಸಾಲಿನ ಬಳಿ ಬಿಗಿದಿರುತ್ತಾರೆ. ಹಾಳೆ ಇಡಿಯಾಗಿ ಅಲುಗುತ್ತದೆ. ಯಮಾಹಾ 1976ರಲ್ಲಿ ‘ಎಚ್‌ಪಿ-1’ ಎಂದು ಇದನ್ನು ಮಾಡಿತ್ತು; ಆಮೇಲೆ ಈ ತಂತ್ರ ಬಹುಕಾಲ ಮೂಲೆ ಸೇರಿತ್ತು. ಅಮೆರಿಕದ ಆಡೀಝಿ ಮತ್ತು ಚೀನೀ ಮೂಲದ ಹೈಫೈಮ್ಯಾನ್ ಕಂಪನಿಗಳು ಅದಕ್ಕೆ ಮರುಜೀವ ಕೊಟ್ಟವು. ಇವುಗಳ ಬಲ ಬಾಸ್‌ನಲ್ಲಿದೆ: ಪ್ಯಾಡ್ ಕಿವಿಯ ಸುತ್ತ ಸರಿಯಾಗಿ ಕೂತರೆ 30 ಹರ್ಟ್ಸ್‌ವರೆಗೂ ತಗ್ಗದೆ ಇಳಿಯುತ್ತವೆ. ತೂಕವೂ ಹೆಚ್ಚು. ಎರಡು ಗಂಟೆ ಕಚೇರಿ ಕೇಳುವವರ ಕುತ್ತಿಗೆಗೆ ಅದು ಸಣ್ಣ ಸಂಗತಿಯಲ್ಲ.

ಮೂರನೆಯದು ಎಲೆಕ್ಟ್ರೋಸ್ಟ್ಯಾಟಿಕ್. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪೊರೆಗೆ ವಿದ್ಯುದಂಶ ತುಂಬಿ, ರಂಧ್ರಗಳಿರುವ ಎರಡು ಲೋಹದ ತಟ್ಟೆಗಳ ನಡುವೆ ಹಿಡಿದಿರುತ್ತಾರೆ. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರ ಸುಮಾರಿಗೆ ಶುರುಮಾಡಿದ ಈ ಹಾದಿ 2011ರ ಎಸ್‌ಆರ್-009, 2021ರ ಎಸ್‌ಆರ್-ಎಕ್ಸ್9000ದವರೆಗೆ ಬಂದಿದೆ. ಇಂದಿನ ಸ್ಟ್ಯಾಕ್ಸ್‌ಗಳ ಪೊರೆಗೆ 580 ವೋಲ್ಟ್ ಬೇಕು, ಅದಕ್ಕೆಂದೇ ಮಾಡಿದ ಆಂಪ್ಲಿಫೈಯರ್ ಬೇಕು. ಸೆನ್‌ಹೈಸರ್ ಕೂಡ 1991ರ ಹೊತ್ತಿಗೆ ಕೇವಲ 300 ‘ಆರ್ಫಿಯಸ್’ಗಳನ್ನು ತಯಾರಿಸಿತು, 2015ರಲ್ಲಿ ಅಮೃತಶಿಲೆಯ ಪೆಟ್ಟಿಗೆಯಲ್ಲಿ ಕೂತ ಅದರ ಉತ್ತರಾಧಿಕಾರಿಯನ್ನು ತೋರಿಸಿ 50,000 ಯೂರೊ ಆಸುಪಾಸಿನ ಬೆಲೆ ಹೇಳಿತು.

ತಂತ್ರದ ಹೆಸರು ಕೇಳಿಯೇ ಧ್ವನಿಯ ಗುಣ ಹೇಳುವ ರೂಢಿ ಉತ್ಸಾಹಿಗಳಲ್ಲಿ ಬಲವಾಗಿದೆ. ಸ್ಟ್ಯಾಕ್ಸ್ ಎಂದರೆ ಚುರುಕು ಆದರೆ ಬಾಸ್‌ನಲ್ಲಿ ಹೊಡೆತವಿಲ್ಲ, ಪ್ಲೇನಾರ್ ಎಂದರೆ ಗಟ್ಟಿ ಬಾಸ್, ಡೈನಮಿಕ್ ಎಂದರೆ ಗುದ್ದು, ಹೀಗೆ. 2016ರಲ್ಲಿ ಫ್ರಾನ್ಸಿನ ಫೋಕಲ್ ಕಂಪನಿ ಬೆರಿಲಿಯಂ ಡಯಾಫ್ರಮ್‌ನ ‘ಯುಟೋಪಿಯಾ’ವನ್ನು ಸುಮಾರು 4,000 ಡಾಲರಿಗೆ ತಂದಾಗ ಈ ವಿಂಗಡಣೆ ಅಲುಗಾಡಿತು. ಅದು ಡೈನಮಿಕ್ಕೇ, ಆದರೆ ಸೂಕ್ಷ್ಮ ವಿವರಗಳಲ್ಲಿ ಎಲೆಕ್ಟ್ರೋಸ್ಟ್ಯಾಟಿಕ್‌ಗೆ ಸಮ ಎಂದು ಹೇಳುವವರು ಹುಟ್ಟಿಕೊಂಡರು. ಮರುವರ್ಷ ಬಂದ ಹೈಫೈಮ್ಯಾನ್ ‘ಸುಸ್ವರ’ಕ್ಕೆ ಆಗ 6,000 ಡಾಲರ್. ನಮ್ಮ ಕಿವಿಗೆ ಪರಿಚಿತವಾದ ಹೆಸರು ಹೊತ್ತ ಆ ಪ್ಲೇನಾರ್‌ನಲ್ಲಿ ಮೇಲಿನ ಸ್ವರಗಳು ಎಲೆಕ್ಟ್ರೋಸ್ಟ್ಯಾಟಿಕ್‌ನಷ್ಟೇ ಹಗುರ ಎಂದರು. ಅಂದರೆ ಗುಣ ತಂತ್ರಕ್ಕೆ ಅಂಟಿಕೊಂಡಿಲ್ಲ. ವಿನ್ಯಾಸಕಾರ ಅದನ್ನು ಹೇಗೆ ಹದಗೊಳಿಸಿದ್ದಾನೆ ಎಂಬುದೇ ಮುಖ್ಯ.

ಹದ ಎಂದರೇನು? ಇಲ್ಲಿ ಕಿವಿಯ ರಚನೆಯನ್ನು ಗಮನಿಸಬೇಕು. ಎದುರಿಗೆ ಕೂತು ಹಾಡುವವರ ಧ್ವನಿ ನಮ್ಮ ಭುಜ, ತಲೆ, ಹೊರಕಿವಿಯ ಮಡಿಕೆಗಳಿಗೆ ಬಡಿದು, ಕಿವಿಯ ನಾಳದಲ್ಲಿ ಅನುರಣಿಸಿ ಒಳಗೆ ಹೋಗುತ್ತದೆ. ಹಾಗಾಗಿ ಗಾಳಿಯಲ್ಲಿ ಸಮವಾಗಿದ್ದ ಧ್ವನಿ ಕಿವಿತಮಟೆ ತಲುಪುವ ವೇಳೆಗೆ 3 ಕಿಲೋಹರ್ಟ್ಸ್ ಸುತ್ತ ಹತ್ತು ಡೆಸಿಬೆಲ್‌ಗೂ ಹೆಚ್ಚು ಏರಿರುತ್ತದೆ. ಹುಟ್ಟಿದಾಗಿನಿಂದ ಹಾಗೇ ಕೇಳಿರುವ ನಮ್ಮ ಮಿದುಳಿಗೆ ಆ ಏರೇ ಸಮತಲ. ಹೆಡ್‌ಫೋನ್ ಹಾಕಿಕೊಂಡಾಗ ಭುಜವೂ ಕೋಣೆಯೂ ಆಟದಿಂದ ಹೊರಗೆ. ಅವು ಮಾಡುತ್ತಿದ್ದ ಕೆಲಸವನ್ನು ವಿನ್ಯಾಸಕಾರ ಮಾಡಬೇಕು. ಆದರೆ ಯಾರ ತಲೆ, ಯಾರ ಕಿವಿ? ಹೊರಕಿವಿಯ ಆಳ, ನಾಳದ ಉದ್ದ ಒಬ್ಬೊಬ್ಬರಲ್ಲೂ ಬೇರೆ. 8 ಕಿಲೋಹರ್ಟ್ಸ್ ದಾಟಿದ ಮೇಲೆ ಒಂದೇ ಹೆಡ್‌ಫೋನ್ ಇಬ್ಬರ ಕಿವಿತಮಟೆಯಲ್ಲಿ ಕೊಡುವ ಮಟ್ಟ ಹಲವು ಡೆಸಿಬೆಲ್‌ಗಳಷ್ಟು ಬೇರೆಯಾಗಬಲ್ಲದು. ಅಷ್ಟೇಕೆ, ಒಬ್ಬರೇ ತೆಗೆದು ಮತ್ತೆ ಹಾಕಿಕೊಂಡರೂ ಮೇಲಿನ ಸ್ವರಗಳು ಬದಲಾಗುತ್ತವೆ. ಅಳತೆಗಾರರು ಕೃತಕ ತಲೆಯ ಮೇಲೆ ಹೆಡ್‌ಫೋನನ್ನು ಹಲವು ಸಲ ಕೂರಿಸಿ ಸರಾಸರಿ ತೆಗೆಯುವುದು ಇದಕ್ಕೇ. ಕನ್ನಡಕದ ಕಡ್ಡಿ ಪ್ಯಾಡನ್ನು ಕೂದಲೆಳೆಯಷ್ಟು ಎತ್ತಿದರೂ ಹಿಂಬದಿ ಮುಚ್ಚಿದ ಹೆಡ್‌ಫೋನಿನ ಬಾಸ್ ಸೋರಿಹೋಗುತ್ತದೆ. ಬಾಸ್ ಸಾಲದು ಎಂದು ಬರೆಯುವ ವಿಮರ್ಶಕರು ತಾವು ಕನ್ನಡಕ ಹಾಕುತ್ತಾರೋ ಇಲ್ಲವೋ ಎಂದೂ ಬರೆದರೆ ಓದುವವರಿಗೆ ಎಷ್ಟೋ ಉಪಕಾರ.

ಈ ಗೋಜಲಿನಲ್ಲಿ ಒಂದು ನೆಲೆ ಹುಡುಕಿಕೊಟ್ಟವರು ಹಾರ್ಮನ್ ಕಂಪನಿಯ ಸಂಶೋಧಕರಾದ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ನುಡಿಯುವಾಗ ಕೃತಕ ತಲೆಯ ಕಿವಿಗೆ ಏನು ತಲುಪುತ್ತದೆ ಎಂದು ಅಳೆದರು. ಅದನ್ನೇ ಹೆಡ್‌ಫೋನಿನಲ್ಲಿ ಕೇಳಿಸಿ, ಬಾಸ್ ಮತ್ತು ಟ್ರೆಬಲ್ ಎಷ್ಟಿರಬೇಕೆಂದು ಕೇಳುಗರೇ ತಿರುಗಿಸಿ ಹೊಂದಿಸುವಂತೆ ಮಾಡಿದರು. 2013ರ ಸುಮಾರಿಗೆ ರೂಪುಗೊಂಡು 2018ರಲ್ಲಿ ಪರಿಷ್ಕಾರಗೊಂಡ ಆ ರೇಖೆಯೇ ಇಂದು ಎಲ್ಲರ ಬಾಯಲ್ಲಿರುವ ‘ಹಾರ್ಮನ್ ಟಾರ್ಗೆಟ್’. ಅಮೆರಿಕ, ಕೆನಡಾ, ಜರ್ಮನಿ, ಚೀನಾಗಳ 238 ಕೇಳುಗರ ಮೇಲೆ ಪರೀಕ್ಷಿಸಿದಾಗ ದೇಶ ಬದಲಾದರೂ ಒಲವು ಹೆಚ್ಚು ಬದಲಾಗಲಿಲ್ಲ. ಇವರ ಇನ್ನೊಂದು ಜಾಣತನವೆಂದರೆ ಬೇರೆ ಬೇರೆ ಹೆಡ್‌ಫೋನ್‌ಗಳ ಧ್ವನಿಯನ್ನು ಈಕ್ವಲೈಸರ್ ಮೂಲಕ ಒಂದೇ ಹೆಡ್‌ಫೋನಿನಲ್ಲಿ ನುಡಿಸಿದ್ದು. ತೂಕ, ಚರ್ಮದ ಸ್ಪರ್ಶ, ಹೆಸರು ಯಾವುದೂ ಗೊತ್ತಾಗದಂತೆ ಧ್ವನಿಯೊಂದನ್ನೇ ಮುಂದಿಟ್ಟರು. ಪ್ಯಾಡ್ ಸೋರುವಿಕೆ, ವಿಕೃತಿ ಮುಂತಾದವು ಈ ವಿಧಾನದಲ್ಲಿ ಸಿಗುವುದಿಲ್ಲ ನಿಜ. ಆದರೂ ಹೆಡ್‌ಫೋನ್ ಹೋಲಿಕೆಯಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಹಾಗೆಂದು ಆ ರೇಖೆಯನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ. ಸುಮಾರು ಮೂರರಲ್ಲಿ ಎರಡು ಭಾಗ ಜನಕ್ಕೆ ಅದು ಒಪ್ಪಿತು. ಉಳಿದವರಲ್ಲಿ ಕೆಲವರು ಇನ್ನಷ್ಟು ಬಾಸ್ ಬೇಕೆಂದರು, ಕೆಲವರು ಕಡಿಮೆ ಮಾಡಿ ಎಂದರು. ವಯಸ್ಸಾದವರು ಬಾಸ್ ತಗ್ಗಿಸಿಕೊಂಡರು. ಪರೀಕ್ಷೆಗೆ ಬಳಸಿದ್ದು ಬಹುಪಾಲು ಪಾಶ್ಚಾತ್ಯ ಪಾಪ್ ಮತ್ತು ರಾಕ್ ಧ್ವನಿಮುದ್ರಣಗಳು. ಆ ನಾಲ್ಕು ದೇಶಗಳಲ್ಲಿ ಭಾರತ ಇರಲಿಲ್ಲ.

ಬೆಲೆಯ ಮಾತಿಗೆ ಬಂದರೆ 2017ರಲ್ಲಿ ಯೆರೂನ್ ಬ್ರೇಬಾರ್ಟ್ ಪ್ರಕಟಿಸಿದ ಅಧ್ಯಯನ ನೇರವಾಗಿದೆ. 283 ಹೆಡ್‌ಫೋನ್‌ಗಳ ಅಳತೆಯನ್ನು ಅವುಗಳ ಬೆಲೆಯೊಂದಿಗೆ ಹೋಲಿಸಿ ನೋಡಿದರೆ ಎರಡಕ್ಕೂ ಸಂಬಂಧವೇ ಸಿಗಲಿಲ್ಲ. ಕಂಪನಾಂಕದ ಹದವನ್ನು ದುಡ್ಡು ಕೊಟ್ಟು ಕೊಳ್ಳಲಾಗದು ಎಂದ ಹಾಗಾಯಿತು. ಹಾಗಾದರೆ ದುಬಾರಿ ಹೆಡ್‌ಫೋನಿನಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ? ಎಡ ಬಲ ಡ್ರೈವರುಗಳು ತಂತಮ್ಮಲ್ಲಿ ಹೊಂದುವುದು, ಜೋರಾಗಿ ನುಡಿದಾಗಲೂ ವಿಕೃತಿ ಕಡಿಮೆ ಇರುವುದು, ಪ್ಯಾಡ್ ಆಳವಾಗಿದ್ದು ಡ್ರೈವರಿನ ಮುಂದೆ ಕಿವಿಗೆ ಜಾಗ ಇರುವುದು, ಹತ್ತು ವರ್ಷದ ನಂತರವೂ ಬಿಡಿಭಾಗ ಸಿಗುವುದು: ಇವಕ್ಕೆಲ್ಲ ನಿಜವಾದ ಖರ್ಚಿದೆ. ಒಂದು ಹಂತ ದಾಟಿದ ಮೇಲೆ ಉಳಿಯುವುದು ಮರ, ಲೋಹ, ಕೈಕೆಲಸ. 1989ರ ಸೋನಿ ‘ಎಂಡಿಆರ್-ಆರ್10’ರ ಜಪಾನೀ ಜೆಲ್ಕೋವಾ ಮರದ ಕಪ್‌ಗಳನ್ನು ಕಂಡವರಿಗೆ ಆ ಕೈಕೆಲಸದ ಬೆಲೆ ಅರ್ಥವಾಗುತ್ತದೆ. ಅದನ್ನು ಮೆಚ್ಚಿ ಕೊಳ್ಳುವುದರಲ್ಲಿ ತಪ್ಪಿಲ್ಲ. ಮರದ ಸೊಗಸನ್ನು ಧ್ವನಿಯ ಲೆಕ್ಕಕ್ಕೆ ಸೇರಿಸಿದಾಗ ಮಾತ್ರ ಹೋಲಿಕೆ ಹಳಿ ತಪ್ಪುತ್ತದೆ.

ಕಣ್ಣು ಕಿವಿಯನ್ನು ಎಷ್ಟು ಆಳುತ್ತದೆ ಎಂಬುದಕ್ಕೆ ಸಾಕ್ಷಿ 1994ರಲ್ಲೇ ಸಿಕ್ಕಿತ್ತು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದೇ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಒಮ್ಮೆ, ಕಾಣುವಂತಿಟ್ಟು ಒಮ್ಮೆ ಕೇಳಿಸಿದರು. ಕಂಡಾಗ ಅಂಕಗಳು ಬದಲಾದವು. ಸ್ಪೀಕರನ್ನು ಕೋಣೆಯಲ್ಲಿ ಸರಿಸಿದಾಗ ಧ್ವನಿಯಲ್ಲಿ ಆಗುವ ನಿಜವಾದ ವ್ಯತ್ಯಾಸಕ್ಕೂ ಕೇಳುಗರು ಅಷ್ಟಾಗಿ ಸ್ಪಂದಿಸಲಿಲ್ಲ. ಹೆಡ್‌ಫೋನಿನಲ್ಲಿ ಈ ಪರೀಕ್ಷೆ ಇನ್ನೂ ಕಷ್ಟ, ಏಕೆಂದರೆ ಕಣ್ಣು ಕಟ್ಟಿದರೂ ತಲೆಗೆ ತೂಕ ಗೊತ್ತಾಗುತ್ತದೆ. ಅದರೊಂದಿಗೆ ಮಟ್ಟದ ಸಮಸ್ಯೆ. ಎರಡರಲ್ಲಿ ಒಂದು ಅರ್ಧ ಅಥವಾ ಒಂದು ಡೆಸಿಬೆಲ್ ಜೋರಾಗಿದ್ದರೆ ನಮಗೆ ಅದು ಜೋರು ಎನಿಸುವುದಿಲ್ಲ. ಹೆಚ್ಚು ಸ್ಪಷ್ಟ, ಹೆಚ್ಚು ತುಂಬಿದ ಧ್ವನಿ ಎನಿಸುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ, ಮಟ್ಟ ಏರಿದಂತೆಲ್ಲ ಕಿವಿಗೆ ಬಾಸ್ ಹೆಚ್ಚು ಕೇಳಿಸುತ್ತದೆ. ಮಟ್ಟ ಸರಿಹೊಂದಿಸದೆ ಮಾಡಿದ ಹೋಲಿಕೆಯನ್ನು, ಬರೆದವರು ಎಷ್ಟೇ ಅನುಭವಿಗಳಾಗಿರಲಿ, ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಉತ್ಸಾಹಿಗಳ ಮಾತುಗಳಿಗೂ ಭೌತಿಕ ನೆಲೆ ಇದೆ. ‘ವಾರ್ಮ್’ ಎನ್ನುವುದು ಹೆಚ್ಚಾಗಿ 100ರಿಂದ 300 ಹರ್ಟ್ಸ್ ನಡುವಿನ ತುಸು ಉಬ್ಬು. ಗಾಯಕರು ಮುಂದೆ ಬಂದು ಹಾಡಿದಂತೆ ಅನಿಸುವುದು 2ರಿಂದ 4 ಕಿಲೋಹರ್ಟ್ಸ್‌ನಲ್ಲಿ. ‘ಸ’, ‘ಶ’, ‘ಚ’ಗಳು ಸೀಳುವುದು 5ರಿಂದ 9ರ ನಡುವೆ. ‘ಫಾಸ್ಟ್’, ‘ಡೀಟೇಲ್’ ಎಂಬ ಮಾತುಗಳಲ್ಲೇ ಹೆಚ್ಚು ತಕರಾರು. ಡಯಾಫ್ರಮ್ ಹಗುರವಾದ್ದರಿಂದ ವೇಗ ಎಂಬ ವಿವರಣೆ ಜನಪ್ರಿಯ. ಆದರೆ ಶ್ರವ್ಯ ವ್ಯಾಪ್ತಿಯ ಬಹುಪಾಲಿನಲ್ಲಿ ಹೆಡ್‌ಫೋನ್ ಎಷ್ಟು ಬೇಗ ಎದ್ದು ಎಷ್ಟು ಬೇಗ ನಿಲ್ಲುತ್ತದೆ ಎಂಬುದು ಅದರ ಕಂಪನಾಂಕದ ಹದದಲ್ಲೇ ಅಡಗಿರುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದೂ ಸರಿಯಾಗುತ್ತದೆ. ಬಾಸ್ ಮಧ್ಯಸ್ವರಗಳ ಮೇಲೆ ಚೆಲ್ಲದಿದ್ದರೆ, ಟ್ರೆಬಲ್ ತುಸು ಮೇಲಿದ್ದರೆ, ನಮಗೆ ಅದು ವೇಗ ಎನಿಸುತ್ತದೆ. ಈಕ್ವಲೈಸರಿನಿಂದ ಸಮ ಮಾಡಿದ ಮೇಲೂ ಎರಡು ಹೆಡ್‌ಫೋನ್ ಒಂದೇ ರೀತಿ ಕೇಳುವುದಿಲ್ಲ ಎಂದು ಹಲವರು ವಾದಿಸುತ್ತಾರೆ. ನಿಜ, ಕೇಳುವುದಿಲ್ಲ. ಕೃತಕ ಕಿವಿಯ ಮೇಲೆ ಸಮ ಮಾಡಿದ್ದು ನಮ್ಮ ಕಿವಿಯ ಮೇಲೆ ಸಮವಾಗಿರುವುದಿಲ್ಲ ಎಂಬುದೇ ಅದಕ್ಕೆ ಮೊದಲ ಕಾರಣ. ನಿಗೂಢ ಗುಣಗಳನ್ನು ಹುಡುಕುವುದು ಆಮೇಲಿನ ಮಾತು.

‘ಸೌಂಡ್‌ಸ್ಟೇಜ್’, ಅಂದರೆ ಧ್ವನಿಯ ಹರವು, ಮಾತ್ರ ಇನ್ನೂ ಪೂರ್ತಿ ಬಿಡಿಸಲಾಗದ ಗಂಟು. ಕೋಣೆಯಲ್ಲಿ ಎಡ ಸ್ಪೀಕರಿನ ಧ್ವನಿ ಬಲಗಿವಿಗೂ ತಲುಪುತ್ತದೆ, ಸ್ವಲ್ಪ ತಡವಾಗಿ, ಸ್ವಲ್ಪ ಮಂದವಾಗಿ. ಹೆಡ್‌ಫೋನಿನಲ್ಲಿ ಅದಿಲ್ಲ. ಹಾಗಾಗಿಯೇ ಸಂಗೀತ ತಲೆಯೊಳಗೆ ಕೂರುತ್ತದೆ. ಬೆಂಜಮಿನ್ ಬೌಯರ್ 1961ರಲ್ಲೇ ಎಡದ ಅಂಶವನ್ನು ಬಲಕ್ಕೆ ಬೆರೆಸುವ ಸರ್ಕಿಟ್ ಸೂಚಿಸಿದ್ದರು. ಎಕೆಜಿ ಕಂಪನಿ 1989ರ ‘ಕೆ1000’ದಲ್ಲಿ ಡ್ರೈವರುಗಳನ್ನು ಕಿವಿಗೆ ತಾಗದಂತೆ, ಬಾಗಿಲಿನ ರೆಕ್ಕೆಗಳ ಹಾಗೆ ತೆರೆಯುವಂತೆ ತಲೆಯ ಇಕ್ಕೆಲದಲ್ಲಿ ತೂಗುಬಿಟ್ಟಿತು. ಎಚ್‌ಡಿ 800ರ ಹರವಿಗೂ ಕಾರಣ ಅದರ ಓರೆ ಡ್ರೈವರು ಮತ್ತು ದೂರ; ಹೊರಕಿವಿಯ ಮಡಿಕೆಗಳಿಗೆ ಕೆಲಸ ಸಿಗುತ್ತದೆ. ಕಿವಿಯ ಆಕಾರವನ್ನೇ ಬಳಸಿಕೊಳ್ಳುವ ವಿನ್ಯಾಸವಾದ್ದರಿಂದ ಅದರ ಬಗ್ಗೆ ಒಮ್ಮತ ಇಲ್ಲದಿರುವುದೂ ಸಹಜ.

ಇನ್ನು ಯಾವ ಸಂಗೀತದಲ್ಲಿ ಹೋಲಿಸಬೇಕು? ಪಾಶ್ಚಾತ್ಯ ವಿಮರ್ಶಕರ ಪಟ್ಟಿಯ ಹಾಡುಗಳನ್ನೇ ಹಾಕಿಕೊಂಡು ಕೇಳುವ ನಮ್ಮ ಯುವಕರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ತಂಬೂರಿಗಿಂತ ಕಟುವಾದ ಪರೀಕ್ಷೆ ಬೇರೆ ಬೇಕೇ? 1921ರಲ್ಲಿ ಸಿ. ವಿ. ರಾಮನ್ ವೀಣೆ ಮತ್ತು ತಂಬೂರಿಯ ಕುದುರೆಯ ಬಗ್ಗೆ ಬರೆದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಮೇಲುಸ್ವರಗಳು ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ನಮ್ಮ ವಾದ್ಯಗಳ ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಅಲುಗುವುದರಿಂದ ಹುಟ್ಟಬಾರದ ಆ ಸ್ವರಗಳೂ ಹುಟ್ಟುತ್ತವೆ ಎಂದು ಅವರು ತೋರಿಸಿದರು. ಜೀವಾಳಿ, ಅಂದರೆ ತಂತಿಯ ಕೆಳಗಿನ ದಾರ, ಸರಿಯಾಗಿ ಕೂತ ತಂಬೂರಿಯಲ್ಲಿ ಮಂದ್ರ ಷಡ್ಜದಿಂದ ತಾನಾಗಿ ಅಂತರಗಾಂಧಾರ ಎದ್ದು ಬರುತ್ತದಲ್ಲ, ಆ ಸ್ವಯಂಭೂ ಸ್ವರಗಳ ಸರಣಿ ಹಲವು ಕಿಲೋಹರ್ಟ್ಸ್‌ವರೆಗೆ ಎಡೆಬಿಡದೆ ಹಬ್ಬಿರುತ್ತದೆ. ಹೆಡ್‌ಫೋನಿನಲ್ಲಿ ಎಲ್ಲೇ ಉಬ್ಬು ತಗ್ಗು ಇದ್ದರೂ ಈ ಸರಣಿಯಲ್ಲಿ ಅದು ತಕ್ಷಣ ತೋರುತ್ತದೆ. ಆರು ಕಿಲೋಹರ್ಟ್ಸ್ ಬಳಿ ಏರಿದ್ದರೆ ತಂಬೂರಿ ಚುರುಗುಟ್ಟುತ್ತದೆ. ಮೂರರ ಬಳಿ ತಗ್ಗಿದ್ದರೆ ಜೀವಾಳಿ ತೆಗೆದ ತಂಬೂರಿಯ ಹಾಗೆ ಬೋಳಾಗುತ್ತದೆ. ಎಚ್‌ಡಿ 600ರಲ್ಲಿ ಮೂರರ ಹದ ಚೆನ್ನಾಗಿದೆ. ಪ್ಲೇನಾರ್‌ಗಳಲ್ಲಿ ಹಲವು ಇಲ್ಲೇ ಸೋಲುತ್ತವೆ.

ಮೃದಂಗದ ಎಡದ ತೊಪ್ಪಿಯಲ್ಲಿ ಗುಮುಕಿ ಜಾರುವಾಗ ಸ್ವರ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಆ ಏರಿಕೆಯ ನಡುವೆ ಒಂದು ಜಾಗದಲ್ಲಿ ಮಾತ್ರ ಗುಂಯ್‌ಗುಟ್ಟಿದರೆ ಹೆಡ್‌ಫೋನಿನ ಬಾಸ್‌ನಲ್ಲಿ ಉಬ್ಬಿದೆ ಎಂದು ಅರ್ಥ. ಇಲ್ಲಿ ಪ್ಲೇನಾರ್‌ಗಳೇ ಮುಂದು. ಹಾರ್ಮನ್ ರೇಖೆಯ ಬಾಸ್ ಕಛೇರಿ ಸಂಗೀತಕ್ಕೆ ನನ್ನ ಮಟ್ಟಿಗೆ ತುಸು ಹೆಚ್ಚೇ. ಕೇಳುಗರ ಸಾಲಿನಲ್ಲಿ ಕೂತಾಗ ತೊಪ್ಪಿ ಅಷ್ಟು ದೊಡ್ಡದಾಗಿ ಕೇಳಿಸುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣಗಳು, ಪಿ. ಬಿ. ಶ್ರೀನಿವಾಸ್ ರಾಜ್‌ಕುಮಾರರಿಗೆ ಹಾಡಿದ ಅರವತ್ತರ ದಶಕದ ಚಿತ್ರಗೀತೆಗಳು ಮೊನೊ. ಅವುಗಳಲ್ಲಿ ಸೌಂಡ್‌ಸ್ಟೇಜ್ ಹುಡುಕುವುದು ವ್ಯರ್ಥ. ಮೇಲಿನ ಸ್ವರಗಳನ್ನು ಎತ್ತಿ ತೋರಿಸುವ ದುಬಾರಿ ಹೆಡ್‌ಫೋನ್ ಟೇಪಿನ ಹಿಸ್ಸನ್ನೂ ಎತ್ತಿ ತೋರಿಸುತ್ತದೆ. ಮುಖ್ಯವಾಗಿ ಇಂಥ ಸಂಗೀತ ಕೇಳುವವರಿಗೆ ಸೆನ್‌ಹೈಸರ್‌ನದೇ ಎಚ್‌ಡಿ 650ರಂಥ ಮೃದು ಟ್ರೆಬಲ್‌ನ ಹೆಡ್‌ಫೋನ್ ಅದಕ್ಕಿಂತ ಬಹಳ ದುಬಾರಿಯಾದ ಎಚ್‌ಡಿ 800ಕ್ಕಿಂತ ಮೇಲು ಎಂದು ಹಿಂಜರಿಕೆ ಇಲ್ಲದೆ ಹೇಳುತ್ತೇನೆ.

ಆಂಪ್ಲಿಫೈಯರ್ ವಿಷಯದಲ್ಲಿ ಎರಡೇ ಲೆಕ್ಕ ಸಾಕು. ಯುಟೋಪಿಯಾದ ಸಂವೇದನೆ 104 ಡೆಸಿಬೆಲ್, ಸುಸ್ವರದ್ದು 83. ಈ 21 ಡೆಸಿಬೆಲ್ ಅಂತರ ತುಂಬಲು ಸುಸ್ವರಕ್ಕೆ ನೂರು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ದುರ್ಬಲ ಆಂಪ್‌ನಲ್ಲಿ ಕೇಳಿ ಅದನ್ನು ಸಪ್ಪೆ ಎಂದವರು ಆಂಪ್‌ನ ವಿಮರ್ಶೆ ಬರೆದಿದ್ದಾರೆ ಎಂದೇ ತಿಳಿಯಬೇಕು. ಇನ್ನೊಂದು, 300 ಓಮ್‌ನ ಎಚ್‌ಡಿ 600ರ ಪ್ರತಿರೋಧ 100 ಹರ್ಟ್ಸ್ ಬಳಿ ಬಹಳ ಏರುತ್ತದೆ. ಔಟ್‌ಪುಟ್ ಪ್ರತಿರೋಧ ನೂರರ ಸುಮಾರು ಓಮ್ ಇರುವ ವಾಲ್ವ್ ಆಂಪ್‌ಗೆ ಜೋಡಿಸಿದರೆ ಅಲ್ಲಿ ಸುಮಾರು ಒಂದು ಡೆಸಿಬೆಲ್ ಬಾಸ್ ಕೂಡಿಕೊಳ್ಳುತ್ತದೆ. ವಾಲ್ವಿನ ‘ಬೆಚ್ಚಗಿನ’ ಧ್ವನಿಯಲ್ಲಿ ಇದರ ಪಾಲು ದೊಡ್ಡದು. ಕೇಬಲ್ ಬದಲಿಸಿ ಧ್ವನಿ ಬದಲಾಯಿತೆನ್ನುವವರ ಮಾತಿಗೆ ಅಳತೆಯ ಬೆಂಬಲ ನನಗೆ ಕಂಡಿಲ್ಲ. ಹಳೆಯ ಪ್ಯಾಡ್ ಬದಲಿಸಿದರೆ ಮಾತ್ರ ಧ್ವನಿ ಖಂಡಿತ ಬದಲಾಗುತ್ತದೆ: ಸ್ಪಂಜು ಕುಸಿದಂತೆ ಕಿವಿ ಡ್ರೈವರಿಗೆ ಹತ್ತಿರವಾಗುತ್ತದೆ. ಕೇಬಲ್ಲಿಗೆ ಇಟ್ಟ ದುಡ್ಡನ್ನು ಪ್ಯಾಡಿಗೆ ಹಾಕಿ.

ಹೋಲಿಸಿ ನೋಡುವ ಭರದಲ್ಲಿ ಮಟ್ಟ ಏರುತ್ತಲೇ ಹೋಗುತ್ತದೆ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬೆಲ್. ಅಲ್ಲಿಂದ ಮೂರು ಡೆಸಿಬೆಲ್ ಏರಿಸಿದರೆ ಕೇಳುವ ಸಮಯ ಅರ್ಧಕ್ಕೆ ಇಳಿಯಬೇಕು.

ಈ ಕ್ಷೇತ್ರದ ಮುಂದಿನ ದೊಡ್ಡ ಕೆಲಸ ಹೊಸ ಡ್ರೈವರಿನಲ್ಲಿ ಇದೆ ಎಂದು ನನಗನ್ನಿಸುವುದಿಲ್ಲ. ಸ್ಮಿತ್ ರಿಯಲೈಸರ್ ಎಂಬ ಉಪಕರಣ ಬಂದು ಹತ್ತು ವರ್ಷಗಳ ಮೇಲಾಯಿತು. ಕೇಳುಗರ ಎರಡೂ ಕಿವಿಗಳಲ್ಲಿ ಪುಟ್ಟ ಮೈಕ್ ಇಟ್ಟು, ಎದುರಿನ ಸ್ಪೀಕರುಗಳ ಧ್ವನಿ ಅವರ ಕಿವಿಗೆ ಹೇಗೆ ತಲುಪುತ್ತದೆಂದು ಅಳೆದು, ಅದನ್ನೇ ಹೆಡ್‌ಫೋನಿನಲ್ಲಿ ಮರಳಿಸುತ್ತದೆ. ತಲೆ ತಿರುಗಿಸಿದರೂ ಧ್ವನಿ ಸ್ಪೀಕರಿನ ಜಾಗದಲ್ಲೇ ನಿಲ್ಲುತ್ತದೆ. 2022ರಿಂದ ಆ್ಯಪಲ್ ಫೋನುಗಳು ಕಿವಿಯ ಚಿತ್ರ ತೆಗೆದು ಅಂದಾಜಿನಲ್ಲಿ ಇದೇ ಕೆಲಸಕ್ಕೆ ಕೈಹಾಕಿವೆ. ಚಿತ್ರದಿಂದ ಮಾಡುವ ಊಹೆ ಮೈಕಿನ ಅಳತೆಯಷ್ಟು ನಿಖರವಾಗಲು ಇನ್ನೂ ದೂರ ಹೋಗಬೇಕು. ಆದರೆ ಒಬ್ಬೊಬ್ಬರ ಕಿವಿಯನ್ನೂ ಅಳೆದು ಹದಗೊಳಿಸುವುದು ಅಂಗಡಿಯಲ್ಲೇ ಸಾಧ್ಯವಾದ ದಿನ, ಎಚ್‌ಡಿ 800 ಯಾರಿಗೆ ಚುಚ್ಚುತ್ತದೆ, ಯಾರಿಗೆ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ಹೇಳಬಹುದು.